ಮೂರು ಕೊಕ್ಕೆಗಳ ಮನೆ

ನನ್ನ ತಂಗಿ ಹುಟ್ಟಿದ್ದು 1958ರ ಆಗಸ್ಟ್ 22, ಶುಕ್ರವಾರ. ಅವಳ ಗುರುತಿನ ಚೀಟಿಯಲ್ಲಿ ಜನವರಿ 1 ಎಂದು ಅಚ್ಚಾಗಿದೆ. ಅದು ಅವಳನ್ನು ಶಾಲೆಗೆ ಸೇರಿಸಿದ ದಿನ ಅವಸರದಲ್ಲಿದ್ದ ಗುಮಾಸ್ತರೊಬ್ಬರ ಕೈಗುಣ. ತೊಟ್ಟಿಲಲ್ಲಿದ್ದ ಅವಳನ್ನು ಮೊದಲ ದಿನವೇ ಬಗ್ಗಿ ನೋಡಿದ ಆರು ವರ್ಷದ ಅಣ್ಣ ನಾನಾದ್ದರಿಂದ, ಈ ಒಂದು ವಿಷಯದಲ್ಲಿ ಚೀಟಿಗಿಂತ ನನ್ನ ಮಾತನ್ನು ನಂಬುವುದು ಒಳ್ಳೆಯದು. ಊರಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಅವಳು ಕೊಕ್ಕೆಯಮ್ಮ. ಮಾತುಮಾತಿಗೆ ಕೊಕ್ಕೆ ಹಾಕುವವಳು ಎಂಬ ಅರ್ಥದಲ್ಲಲ್ಲ, ಆ ಗುಣವೂ ಅವಳಲ್ಲಿ ಸಾಕಷ್ಟಿದ್ದರೂ. ಅವಳ ಮನೆಯ ಪಡಸಾಲೆಯ ಗೋಡೆಗೆ ಸಾಲಾಗಿ ಬಡಿದಿರುವ ಮೂರು ಹಿತ್ತಾಳೆಯ ಕೊಕ್ಕೆಗಳಿಂದ ಆ ಹೆಸರು ಬಂತು.

ಆ ಕೊಕ್ಕೆಗಳು ಮೊದಲು ದೋಣಿಮನೆಯಲ್ಲಿದ್ದವು. ಊರಿಗೆ ಪೂರ್ವದಲ್ಲಿರುವ ದೊಡ್ಡ ಕೆರೆಯ ದಡದಲ್ಲಿ ಪುರಸಭೆಯವರು ಬಾಡಿಗೆಯ ದೋಣಿಗಳನ್ನು ಇಟ್ಟಿದ್ದರು. 1991ರ ಜೂನ್ 3ರ ಸೋಮವಾರ ತಂಗಿ ಅಲ್ಲಿನ ಕಿಟಕಿಯ ಹಿಂದೆ ಕುಳಿತಳು. 2004ರ ಮಾರ್ಚ್ 31ರಂದು ದೋಣಿಮನೆಗೆ ಬೀಗ ಬೀಳುವವರೆಗೂ ಆ ಕುರ್ಚಿಯಲ್ಲಿ ಬೇರೆಯವರು ಕುಳಿತದ್ದನ್ನು ಯಾರೂ ಕಂಡಿಲ್ಲ. ಕೆಲಸ ಸರಳ. ದೋಣಿ ಬೇಕಾದವರು ತಮ್ಮದೊಂದು ವಸ್ತುವನ್ನು ಕಿಟಕಿಯಲ್ಲಿ ಒಪ್ಪಿಸಬೇಕು. ಅದನ್ನು ಅವಳು ಒಂದು ಕೊಕ್ಕೆಗೆ ನೇತುಹಾಕಿ, ಆ ಕೊಕ್ಕೆಯ ಸಂಖ್ಯೆಯನ್ನೇ ಬರೆದ ಹುಟ್ಟುಗೋಲುಗಳನ್ನು ಕೊಡುತ್ತಾಳೆ. ಹುಟ್ಟುಗೋಲು ಮರಳಿದಾಗ ವಸ್ತು ಮರಳುತ್ತದೆ. ಕೈಗಡಿಯಾರ, ಕನ್ನಡಕ, ಕೊಡೆ, ಸ್ಕೂಟರಿನ ಕೀಲಿ, ಒಮ್ಮೆ ಕರವಸ್ತ್ರದಲ್ಲಿ ಸುತ್ತಿದ ಕಟ್ಟುಹಲ್ಲು, ಎಲ್ಲವೂ ಅಲ್ಲಿ ನೇತಾಡಿವೆ. ಒಬ್ಬ ಅಳಿಯ ತನ್ನ ಹತ್ತಿರ ಬೇರೇನೂ ಇಲ್ಲವೆಂದು ಅತ್ತೆಯನ್ನೇ ಬೆಂಚಿನ ಮೇಲೆ ಕೂರಿಸಿ ಹೋದನಂತೆ.

“ಅವನು ವಾಪಸ್ ಬರಲ್ಲ ಅಂತ ನನಗೆ ಅನುಮಾನ ಇತ್ತು ಅಣ್ಣ,” ಎಂದಿದ್ದಳು ತಂಗಿ. “ಅತ್ತೆಗೂ ಇತ್ತು.”

ಆ ಕಿಟಕಿಯ ಹಿಂದೆ ಅವಳು ಕಲಿತ ಮುಖ್ಯ ಪಾಠವೆಂದರೆ, ಮುಖ ನೋಡಬಾರದು ಎಂಬುದು. ಹೋಗುವಾಗ ತಲೆ ಬಾಚಿಕೊಂಡು ಬೆಳ್ಳಗಿದ್ದವರು ಬರುವಾಗ ಬಿಸಿಲಿಗೆ ಕೆಂಪಾಗಿ, ಟೋಪಿ ಹಾಕಿಕೊಂಡು, ಕೂದಲು ಕೆದರಿ ಬರುತ್ತಾರೆ. ಅಣ್ಣ ಒಯ್ದ ಹುಟ್ಟುಗೋಲನ್ನು ತಮ್ಮ ತರುತ್ತಾನೆ. ಎರಡು ಸಂಸಾರಗಳು ಕೆರೆಯ ನಡುವೆ ಪರಿಚಯವಾಗಿ ಒಂದೇ ಗುಂಪಾಗಿ ಬರುತ್ತವೆ. ಅಂಥ ಗದ್ದಲದಲ್ಲಿ ಮುಖ ಹಿಡಿದು ಹೊರಟರೆ ಒಬ್ಬರ ಗಡಿಯಾರ ಇನ್ನೊಬ್ಬರ ಕೈ ಸೇರುತ್ತದೆ. ಹುಟ್ಟುಗೋಲಿನ ಸಂಖ್ಯೆಯನ್ನಷ್ಟೇ ನೋಡಿ, ಕೊಕ್ಕೆಯತ್ತ ತಿರುಗಿ, ವಸ್ತು ತೆಗೆದು ಕೊಟ್ಟರೆ ತಪ್ಪುವ ಮಾತೇ ಇಲ್ಲ. ಹಾಗೆಯೇ ಮಾಡಿದಳು. ತಪ್ಪಲಿಲ್ಲ.

ದೋಣಿಮನೆ ಮುಚ್ಚಿದಾಗ ಪುರಸಭೆಯವರು ಹಳೆಯ ಸಾಮಾನನ್ನು ಗುಜರಿಗೆ ಹಾಕಿದರು. ತಂಗಿ ಅದರಲ್ಲಿ ಮೂರು ಕೊಕ್ಕೆಗಳನ್ನು ಆರಿಸಿಕೊಂಡು ಬಂದಳು. ಗಂಡ ತೀರಿಕೊಂಡು ಆಗಲೇ ಒಂದು ವರ್ಷ ಕಳೆದಿತ್ತು. ಮನೆ ದೊಡ್ಡದು, ಇರುವವರು ತಾಯಿ ಮಗ ಇಬ್ಬರೇ. 2004ರ ಏಪ್ರಿಲ್ 9ರಂದು ಕೆಳಗೆ ಒಂದು, ಮೇಲೆ ಎರಡು, ಹೀಗೆ ಮೂರು ಕೋಣೆಗಳನ್ನು ಸುಣ್ಣ ಹೊಡೆಸಿ ರಜೆಗೆ ಬರುವವರಿಗೆ ಬಾಡಿಗೆಗೆ ಕೊಡಲು ಆರಂಭಿಸಿದಳು. ಬಂದವರು ಯಾರೆಂದು ಮನೆಯವರಿಗೆ ತಿಳಿದಿರಬೇಕೆಂಬುದು ಊರಿನ ನಿಯಮ. ತಂಗಿ ಆ ನಿಯಮವನ್ನು ದೋಣಿಮನೆಯ ಪದ್ಧತಿಗೆ ಒಗ್ಗಿಸಿದಳು. ಕೋಣೆಗೆ ಒಬ್ಬರಂತೆ ಅತಿಥಿಗಳು ತಮ್ಮ ಗುರುತಿನ ಚೀಟಿಯನ್ನು ಅವಳ ಕೈಗೆ ಒಪ್ಪಿಸಬೇಕು. ಅವಳು ಅದನ್ನು ನೋಡಿ, ಗೀರು ಬೀಳದಿರಲೆಂದು ತಾನೇ ಹೊಲಿದ ದಪ್ಪ ನೀಲಿ ಬಟ್ಟೆಯ ಪುಟ್ಟ ಚೀಲದಲ್ಲಿ ಹಾಕಿ, ಬಾಯಿಗೆ ದಾರದ ಗಂಟು ಬಿಗಿದು, ಆ ಕೋಣೆಯ ಕೊಕ್ಕೆಗೆ ನೇತುಹಾಕುತ್ತಾಳೆ. ಕೊಕ್ಕೆಯಲ್ಲಿದ್ದ ಕೀಲಿ ಅತಿಥಿಗೆ. ಹೊರಡುವ ದಿನ ಕೀಲಿ ಕೊಕ್ಕೆಗೆ, ಚೀಲ ಅತಿಥಿಗೆ. ಒಮ್ಮೆ ಕೀಲಿ ಕೊಟ್ಟ ಮೇಲೆ ಕೋಣೆ ಅವರದು. ಅವರು ಹೊರಡುವವರೆಗೆ ಅವಳು ಆ ಹೊಸ್ತಿಲು ದಾಟುತ್ತಿರಲಿಲ್ಲ.

ಎಲ್ಲ ಅತಿಥಿಗಳಿಗೂ ಇದು ಹಿಡಿಸಿತೆನ್ನಲಾರೆ. 2017ರ ಮೇ ತಿಂಗಳಲ್ಲಿ ಬಂದಿದ್ದ ಒಬ್ಬ ವಕೀಲ ಎರಡು ದಿನದಲ್ಲಿ ಆರೇಳು ಸಲ ಪಡಸಾಲೆಗೆ ಬಂದು, ಗೋಡೆಯ ಮುಂದೆ ಕೈಕಟ್ಟಿ ನಿಂತು ಹೋದ. ಕೊಕ್ಕೆಗಳ ಮೇಲೆ ಹಳೆಯ ದೋಣಿಮನೆಯ ಚಿತ್ರವೊಂದು ತೂಗುಬಿದ್ದಿದೆ. ಆತ ಚಿತ್ರಕಲೆಯಲ್ಲಿ ಆಸಕ್ತಿಯುಳ್ಳವನೆಂದು ತಂಗಿ ತಿಳಿದಳು.

ಸೊಸೆ ಬಂದ ಮೇಲೆ ಈ ಪದ್ಧತಿಯ ಬಗ್ಗೆ ಮನೆಯಲ್ಲಿ ಚರ್ಚೆ ಶುರುವಾಯಿತು. ಸೊಸೆ ಚುರುಕು ಹುಡುಗಿ. ಫೋನಿನಲ್ಲಿ ಕೋಣೆ ಕಾಯ್ದಿರಿಸುವ ಕೆಲಸವನ್ನೆಲ್ಲ ಅವಳೇ ವಹಿಸಿಕೊಂಡಿದ್ದಳು. ನಾನು ಹಿಂದಿನ ಬೀದಿಯಲ್ಲಿರುವವನು, ಸಂಜೆಯ ಚಹಾಕ್ಕೆ ಅಲ್ಲಿಗೇ ಹೋಗುವವನು. ಹಾಗಾಗಿ ಅತ್ತೆ ಸೊಸೆಯರ ಈ ಮಾತು ಬೇಕಾದಷ್ಟು ಸಲ ನನ್ನ ಕಿವಿಗೆ ಬಿದ್ದಿದೆ.

“ಅತ್ತೆ, ಈಗ ಎಲ್ಲರೂ ಜನ ಬರೋಕೆ ಮುಂಚೆನೇ ಕಾರ್ಡಿನ ಫೋಟೋ ತರಿಸ್ಕೊಳ್ತಾರೆ. ಗೋಡೆಗೆ ನೇತುಹಾಕೋದು ನೀವೊಬ್ಬರೇ.”

“ಆ ಫೋಟೋ ಅವರು ಹೋದಮೇಲೆ ಎಲ್ಲಿಗೆ ಹೋಗುತ್ತೆ?”

“ಎಲ್ಲಿಗೂ ಹೋಗಲ್ಲ. ಫೋನಲ್ಲೇ ಇರುತ್ತೆ.”

“ಅದನ್ನೇ ನಾನು ಹೇಳ್ತಿರೋದು. ಜನ ಹೋದಮೇಲೆ ಅವರ ಮುಖ ನಮ್ಮನೇಲಿ ಯಾಕಿರಬೇಕು? ಟವೆಲ್ ಬಿಟ್ಟುಹೋದ್ರೆ ಅಂಚೇಲಿ ಕಳಿಸ್ತೀವಿ. ಮುಖ ಬಿಟ್ಟುಹೋದ್ರೆ ಎಲ್ಲಿಗೆ ಕಳಿಸ್ತೀಯ?”

ಸೊಸೆ ನನ್ನ ಕಡೆ ನೋಡಿದಳು. “ಮಾವ, ನೀವಾದ್ರೂ ಹೇಳಿ.”

ನಾನು ಚಹಾದ ಲೋಟದೊಳಗೆ ನೋಡಿದೆ. ತಂಗಿಯ ಮಾತಿನಲ್ಲಿ ಹುರುಳಿತ್ತು. ಊರೂರು ತಿರುಗಿ ಹೊಲಿಗೆ ಯಂತ್ರ ಮಾರುವ ಅತಿಥಿಯೊಬ್ಬ ಒಮ್ಮೆ ನಮ್ಮೆದುರಿಗೇ ಹೇಳಿದ್ದ: “ನನ್ನ ಕಾರ್ಡು ನನಗಿಂತ ಜಾಸ್ತಿ ಊರು ಸುತ್ತಿದೆ ಅಮ್ಮ. ನಾನು ಇಲ್ಲಿ ಕೂತಿದೀನಿ, ಅದು ಯಾರ್ಯಾರ ಫೋನಲ್ಲಿ ಮಲಗಿದೆಯೋ.” ಆ ದಿನ ತಂಗಿ ಕೊಕ್ಕೆಗಳತ್ತ ಕೈ ತೋರಿಸಿ, “ಇಲ್ಲಿ ಮಲಗೋ ವ್ಯವಸ್ಥೆ ಇಲ್ಲ. ನೀವು ಹೋಗುವಾಗ ಅದೂ ಹೊರಡುತ್ತೆ,” ಎಂದಿದ್ದಳು.

ಇನ್ನು 2022ರ ಅಕ್ಟೋಬರ್ 13, ಗುರುವಾರದ ವಿಷಯಕ್ಕೆ ಬರುತ್ತೇನೆ. ಅಂದು ಮನೆಗೆ ಎರಡು ಸಂಸಾರಗಳು ಬಂದವು. ಮೂರನೆಯ ಕೋಣೆಗೆ ಬಣ್ಣ ಬಳಿಯುವ ಕೆಲಸ ನಡೆದಿತ್ತು. ಮೊದಲು ಬಂದವರು ಗಂಡ ಹೆಂಡತಿ. ಗಂಡನಿಗೆ ಬೇಕರಿ ಅಂಗಡಿ. ಹೆಂಡತಿ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸು. ಸರ್ಕಾರಿ ಆಸ್ಪತ್ರೆಯ ನರ್ಸ್ ಹುದ್ದೆಗೆ ಆ ಭಾನುವಾರ, ಅಕ್ಟೋಬರ್ 16ರಂದು, ನಗರದಲ್ಲಿ ಪರೀಕ್ಷೆಯಿತ್ತು. ಹಿಂದೆ ಎರಡು ಸಲ ಕೆಲವೇ ಅಂಕಗಳಿಂದ ಕೈತಪ್ಪಿದ ಹುದ್ದೆ ಅದು. ಮೂವತ್ತೈದು ದಾಟಿದವರು ಬರೆಯುವಂತಿಲ್ಲ, ಆಕೆಗೆ ಆಗಲೇ ಮೂವತ್ತನಾಲ್ಕು ತುಂಬಿತ್ತು. ಇದು ಕೊನೆಯ ಅವಕಾಶ. ಮನೆಯಲ್ಲಿದ್ದರೆ ಆಸ್ಪತ್ರೆಯವರು ದಿನಕ್ಕೆರಡು ಸಲ ಕರೆಯುತ್ತಾರೆಂದು, ಎರಡು ದಿನ ನೆಮ್ಮದಿಯಾಗಿ ಓದಿಕೊಳ್ಳಲೆಂದು ಗಂಡ ಅವಳನ್ನು ಕೆರೆಯ ಊರಿಗೆ ಕರೆತಂದಿದ್ದ. ಆ ಗಡಿಬಿಡಿಯಲ್ಲಿ ತನ್ನ ಗುರುತಿನ ಚೀಟಿಯನ್ನು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲೇ ಮರೆತಿದ್ದ. ಕೊಡಲು ಉಳಿದದ್ದು ಹೆಂಡತಿಯ ಚೀಟಿ ಒಂದೇ.

“ಅಮ್ಮಾ, ನೋಡಿ ವಾಪಸ್ ಕೊಟ್ಟುಬಿಡಿ,” ಎಂದ ಬೇಕರಿಯವನು. “ಭಾನುವಾರ ಪರೀಕ್ಷೆಗೆ ಇದೇ ಬೇಕು.”

“ಭಾನುವಾರಕ್ಕೆ ತಾನೇ? ಶನಿವಾರ ಹೊರಡ್ತೀರಿ, ಶನಿವಾರ ನಿಮ್ಮ ಕೈಲಿರುತ್ತೆ. ಕೀಲಿ ಸಮೇತ ನೀವು ವಾಪಸ್ ಬರ್ತೀರಿ ಅನ್ನೋಕೆ ನನಗೂ ಏನಾದ್ರೂ ಬೇಕಲ್ಲಪ್ಪ. ಹದಿನೆಂಟು ವರ್ಷ ಆಯ್ತು, ಇಲ್ಲಿ ಒಂದೂ ಅದಲುಬದಲಾಗಿಲ್ಲ.”

ನರ್ಸು ಚೀಟಿ ಕೊಟ್ಟಳು. ಅವಳ ಕಣ್ಣು ಮಾತ್ರ ನೀಲಿ ಚೀಲ ಕೆಳಗಿನ ಕೋಣೆಯ ಕೊಕ್ಕೆಯನ್ನು ಸೇರುವವರೆಗೂ ಅದರ ಹಿಂದೆಯೇ ಹೋಯಿತು.

ಎರಡನೆಯವರು ಒಬ್ಬ ಅಜ್ಜಿ ಮತ್ತು ಅವರ ಮಗ. ಮಗನದು ಗಡಿಯಾರ ರಿಪೇರಿಯ ಕೆಲಸ. ಮಿತಭಾಷಿ, ಇಬ್ಬರ ಪಾಲಿನ ಮಾತನ್ನೂ ಅಜ್ಜಿಯೇ ಆಡುತ್ತಿದ್ದರು. ಮಗ ಜೇಬಿಗೆ ಕೈ ಹಾಕುವ ಮೊದಲೇ ಅಜ್ಜಿ ತಮ್ಮ ಚೀಟಿಯನ್ನು ಮೇಜಿನ ಮೇಲಿಟ್ಟರು. “ಯಜಮಾನಿ ನಾನು. ಇವನದೇನು ನೋಡ್ತೀಯ?” ಅವರಿಗೆ ಮೇಲಿನ ಕೋಣೆ ಸಿಕ್ಕಿತು.

ಅಜ್ಜಿಗೆ ಮಂಡಿನೋವು. ಒಂದು ರಾತ್ರಿ ಹೇಗೋ ಕಳೆದರು. ಶುಕ್ರವಾರ ಬೆಳಿಗ್ಗೆ ತಂಗಿ ಮಾರುಕಟ್ಟೆಗೆ ಹೋಗಿದ್ದಾಗ, ಮೆಟ್ಟಿಲ ನಡುವೆ ಕುಳಿತು ಏದುಸಿರು ಬಿಡುತ್ತಿದ್ದ ಅಜ್ಜಿಯನ್ನು ನರ್ಸು ಕಂಡಳು. ನರ್ಸು ಎಂದ ಮೇಲೆ ನೋಡಿ ಸುಮ್ಮನೆ ಹೋಗುವವಳಲ್ಲ. ಕೆಳಗಿನ ಕೋಣೆಯನ್ನು ಅಜ್ಜಿಗೆ ಬಿಟ್ಟುಕೊಟ್ಟು, ಮೇಲೆ ಸದ್ದು ಕಡಿಮೆ, ಓದಲು ಅದೇ ಒಳ್ಳೆಯದೆಂದಳು. ಗಂಡಸರಿಬ್ಬರು ಪೆಟ್ಟಿಗೆಗಳನ್ನು ಅತ್ತಿತ್ತ ಸಾಗಿಸಿದರು. ಕೀಲಿಗಳೂ ಕೈ ಬದಲಾದವು. ಮನೆಯೊಡತಿಗೆ ತಿಳಿಸಬೇಡವೇ ಎಂದು ಮಗ ಕೇಳಿದ್ದಕ್ಕೆ ಅಜ್ಜಿ ಗದರಿದರಂತೆ: “ಹೇಳಿದ್ರೆ ಆ ಹೆಂಗಸು ಹಾಸಿಗೆ ಬದಲಿಸ್ತೀನಿ, ಹೊದಿಕೆ ಬದಲಿಸ್ತೀನಿ ಅಂತ ಹತ್ತು ಸಲ ಮೇಲೆ ಕೆಳಗೆ ಓಡಾಡ್ತಾಳೆ. ಅವಳಿಗೂ ಮಂಡಿ ಇದೆ. ಸುಮ್ಮನಿರು.”

ಹೀಗೆ ಎಲ್ಲರ ಒಳ್ಳೆಯತನ ಸೇರಿ ಕೆಲಸ ಕೆಟ್ಟಿತು. ತಂಗಿ ಕೋಣೆಗಳೊಳಗೆ ಇಣುಕುವವಳಲ್ಲ. ಅಜ್ಜಿ ಇಡೀ ದಿನ ಜಗಲಿಯಲ್ಲಿ ಕುಳಿತದ್ದನ್ನು ನೋಡಿ, ಮೇಲೆ ಸೆಕೆಯಿರಬೇಕು ಎಂದುಕೊಂಡಳು, ಅಷ್ಟೇ. ಶನಿವಾರ ಹನ್ನೆರಡು ಗಂಟೆಯ ಬಸ್ಸು ಹಿಡಿಯಲು ಬೇಕರಿಯವನು ಅವಸರದಿಂದ ಇಳಿದು ಬಂದು ಕೀಲಿ ಒಪ್ಪಿಸಿದ. ತಂಗಿ ಕೀಲಿ ನೋಡಿದಳು. ಮೇಲಿನ ಕೋಣೆಯ ಕೀಲಿ. ಮೇಲಿನ ಕೋಣೆಯ ಕೊಕ್ಕೆಯಿಂದ ಚೀಲ ತೆಗೆದು ಕೊಟ್ಟಳು. ಅವಳು ಅವನ ಮುಖವನ್ನು ನೋಡಲಿಲ್ಲ. ಮೂವತ್ತೊಂದು ವರ್ಷಗಳಿಂದ ನೋಡದಿರುವುದನ್ನೇ ರೂಢಿಸಿಕೊಂಡಿದ್ದಳಲ್ಲ. ಗಂಟು ಬಿಗಿದ ಚೀಲವನ್ನು ಅವನು ಹಾಗೆಯೇ ಹೆಂಡತಿಯ ಕೈಚೀಲದಲ್ಲಿಟ್ಟ. ಸ್ವಲ್ಪ ಹೊತ್ತಿಗೆ ಅಜ್ಜಿಯ ಮಗ ಕೆಳಗಿನ ಕೀಲಿ ಕೊಟ್ಟು ಕೆಳಗಿನ ಚೀಲ ಪಡೆದ.

ತಪ್ಪು ಬಯಲಾದದ್ದು ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ. ವೃದ್ಧರ ರಿಯಾಯಿತಿಗಾಗಿ ಅಜ್ಜಿ ಚೀಲ ಬಿಚ್ಚಿ ಚೀಟಿಯನ್ನು ಒಳಗೆ ತಳ್ಳಿದರು. ಒಳಗಿದ್ದವನು ಚೀಟಿ ನೋಡಿದ, ಅಜ್ಜಿಯನ್ನು ನೋಡಿದ.

“ಮೂವತ್ತನಾಲ್ಕು ವರ್ಷದವರಿಗೆ ರಿಯಾಯಿತಿ ಇಲ್ಲ ಅಜ್ಜಿ.”

“ನನ್ನ ವಯಸ್ಸಿಗೆ ಕಾರ್ಡು ಬೇಕೇನಯ್ಯ? ಮುಖ ನೋಡಿದ್ರೆ ಸಾಲದಾ?”

“ಮುಖ ನೋಡೇ ಹೇಳ್ತಿರೋದು.”

ತಾಯಿ ಮಗ ಮರಳಿ ಬಂದಾಗ ಒಂದು ಗಂಟೆ. ನಗರದ ಬಸ್ಸು ಆಗಲೇ ಗುಡ್ಡಗಳ ನಡುವೆ ಇತ್ತು, ಬೇಕರಿಯವನ ಫೋನಿಗೆ ಕರೆ ಹೋಗುತ್ತಿರಲಿಲ್ಲ. ನಗರಕ್ಕೆ ಹನ್ನೆರಡರದೇ ಆ ದಿನದ ಕೊನೆಯ ಬಸ್ಸು. ತಂಗಿಯ ಮಗ ಸರಕಿನ ವ್ಯಾನು ತೆಗೆದುಕೊಂಡು ದೂರದ ಬಾಡಿಗೆಗೆ ಹೋಗಿದ್ದ. ಊರಿನ ಒಂದೇ ಬಾಡಿಗೆ ಕಾರು ಮದುವೆಗೆ ಗೊತ್ತಾಗಿತ್ತು. ಮೂರೂವರೆಗೆ ಫೋನು ಸಿಕ್ಕಿತು. ಸೊಸೆ ವಿಷಯ ಹೇಳಿದಳು. ಆ ಕಡೆ ಚೀಲದ ಗಂಟು ಬಿಚ್ಚುವ ಸದ್ದಾಯಿತು. ಆಮೇಲೆ ನರ್ಸಿನ ಧ್ವನಿ ಕೇಳಿಸಿತು. “ಒರಿಜಿನಲ್ ಕಾರ್ಡೇ ಬೇಕು. ಫೋಟೋ ನಡೆಯಲ್ಲ ಅಂತ ಹಾಲ್ ಟಿಕೆಟ್ ಮೇಲೆ ಬರೆದಿದೆ. ಇಲ್ಲಿಂದ ನಿಮ್ಮೂರಿಗೆ ಇನ್ನು ಬಸ್ಸೂ ಇಲ್ಲ.” ಅವಳು ಅಳಲಿಲ್ಲ. ಅತ್ತಿದ್ದರೆ ಕೇಳುವುದು ಸುಲಭವಾಗುತ್ತಿತ್ತು.

ತಂಗಿ ಫೋನು ತೆಗೆದುಕೊಂಡಳು. “ನೀನು ನಾಳೆ ಹೋಗಿ ಅಲ್ಲಿ ನಿಂತಿರು ಮಗಳೇ. ಕೊಟ್ಟವಳು ನಾನು, ತಲುಪಿಸೋಳೂ ನಾನೇ. ಇವತ್ತು ಪುಸ್ತಕ ನೋಡ್ಕೋ, ಬಸ್ಸಿನ ಚಿಂತೆ ನನಗಿರಲಿ.”

ಫೋನು ಇಟ್ಟ ಮೇಲೆ ಸೊಸೆಯ ಕಡೆ ತಿರುಗಿದಳು. “ಹೇಳಿಬಿಡು. ಫೋಟೋ ತೆಗೆದಿದ್ರೆ ಹೀಗಾಗ್ತಿರಲಿಲ್ಲ ಅಂತ. ಹೇಳೋಕೆ ಇವತ್ತೇ ಒಳ್ಳೆ ದಿನ.”

“ಹೇಳಬಹುದಿತ್ತು ಅತ್ತೆ,” ಎಂದಳು ಸೊಸೆ. “ಆಮೇಲೆ ಹೇಳ್ತೀನಿ. ಈಗ ಬೆಳಗಿನ ಬಸ್ಸಿಗೆ ಸೀಟು ನೋಡ್ತೀನಿ.”

ಅಜ್ಜಿ ಮಾತ್ರ ಸಂತೋಷವಾಗಿದ್ದರು. ತಮ್ಮ ಚೀಟಿ ಮರಳುವವರೆಗೆ ಹೊರಡುವುದಿಲ್ಲವೆಂದು ಘೋಷಿಸಿ, ಚಪ್ಪಲಿ ಬಿಚ್ಚಿ, ಜಗಲಿಯ ಕುರ್ಚಿಯಲ್ಲಿ ಮತ್ತೆ ಕುಳಿತರು. “ನಾನು ಇವತ್ತು ರಾತ್ರಿ ಮೂವತ್ತನಾಲ್ಕರವಳು. ಯಾರೂ ಅಜ್ಜಿ ಅನ್ನಬೇಡಿ.”

ತಂಗಿ ನನ್ನನ್ನೂ ಹೊರಡಿಸಿದಳು. “ಅಣ್ಣ, ನೀನೂ ಬಾ. ಆಫೀಸಿನವರ ಹತ್ರ ಮಾತಾಡೋಕೆ ನಿನ್ನ ಆ ಕನ್ನಡಕ ಬೇಕಾಗುತ್ತೆ.” ಭಾನುವಾರ ಬೆಳಿಗ್ಗೆ ಐದೂವರೆಯ ಬಸ್ಸು. ದಾರಿಯುದ್ದಕ್ಕೂ ಅವಳು ಕೈಚೀಲವನ್ನು ಮಡಿಲಿನಿಂದ ಇಳಿಸಲಿಲ್ಲ. ಆಗಾಗ ಜಿಪ್ಪು ತೆಗೆದು ನರ್ಸಿನ ಚೀಟಿ ಇದೆಯೇ ಎಂದು ನೋಡುತ್ತಿದ್ದಳು. ಈ ಸಲ ಅದಕ್ಕೆ ಚೀಲವಿರಲಿಲ್ಲ. ಪ್ರತಿ ಸಲವೂ ಆ ಹೆಣ್ಣುಮಗಳ ಮುಖ ಕಾಣುತ್ತಿತ್ತು. ಬಸ್ಸು ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ನಗರ ತಲುಪಿತು. ಪರೀಕ್ಷೆ ನಡೆಯುತ್ತಿದ್ದ ಕಾಲೇಜಿನ ಗೇಟಿನ ಹೊರಗೆ ಬೇಕರಿಯವನು ನಮ್ಮನ್ನು ಕಂಡು ಓಡಿಬಂದ.

“ಇವಳು ಒಳಗೆ ಕಾರ್ಡು ನೋಡೋ ಮೇಜಿನ ಹತ್ರ ನಿಂತಿದಾಳೆ. ಒಂಬತ್ತೂವರೆವರೆಗೆ ಕಾಯ್ತೀವಿ ಅಂದಿದಾರೆ. ಹೊರಗೆ ಬಂದ್ರೆ ಮತ್ತೆ ಬಿಡಲ್ಲ. ನನ್ನ ಕಾರ್ಡು ಅಂಗಡೀಲಿದೆ, ನನ್ನನ್ನ ಒಳಗೆ ಬಿಡ್ತಿಲ್ಲ.”

ಗೇಟಿನಲ್ಲಿ ನಡುವಯಸ್ಸಿನ ಕಾವಲುಗಾರನೊಬ್ಬ ಮೇಜು ಹಾಕಿಕೊಂಡು ಕುಳಿತಿದ್ದ. ಎದುರಿಗೆ ಬೀಗ ಜೋಡಿಸಿದ ತಗಡಿನ ಬಿಸ್ಕತ್ತಿನ ಡಬ್ಬ. ನಾನು ಕನ್ನಡಕ ಸರಿಪಡಿಸಿಕೊಂಡು, ಸಂದರ್ಭದ ಹಿನ್ನೆಲೆಯನ್ನು ಅಕ್ಟೋಬರ್ 13ರಿಂದ ಕ್ರಮವಾಗಿ ವಿವರಿಸಲು ತೊಡಗಿದೆ. ಹದಿನಾಲ್ಕನೆಯ ತಾರೀಖು ತಲುಪುವ ಮೊದಲೇ ಅವನು ಕೈ ಎತ್ತಿದ.

“ಒಬ್ಬರು ಹೋಗಬಹುದು. ಹೋಗೋರು ತಮ್ಮ ಕಾರ್ಡು ಇಲ್ಲಿ ಕೊಟ್ಟು ಟೋಕನ್ ತಗೊಳ್ಳಿ.”

ತಂಗಿ ನನ್ನನ್ನು ಪಕ್ಕಕ್ಕೆ ಸರಿಸಿ ತನ್ನ ಚೀಟಿ ತೆಗೆದಳು. ತೋರಿಸಿದಳು. ಅವನು ಕೈ ಚಾಚಿದ. ಅವಳು ಬಿಡಲಿಲ್ಲ. ಒಂದೇ ಚೀಟಿಯನ್ನು ಇಬ್ಬರೂ ಎರಡು ತುದಿ ಹಿಡಿದು ಕ್ಷಣಕಾಲ ನಿಂತರು.

“ನೋಡಿದ್ರಲ್ಲ, ನಾನೇ ಅಂತ ಗೊತ್ತಾಯ್ತಲ್ಲ. ಇನ್ನು ಅದು ನಿಮ್ಮ ಹತ್ರ ಯಾಕಿರಬೇಕು?”

“ನೋಡಿ ಬಿಟ್ಟುಬಿಟ್ರೆ ಹೋದವರು ವಾಪಸ್ ಬರ್ತಾರೆ ಅನ್ನೋಕೆ ನನಗೂ ಏನಾದ್ರೂ ಬೇಕಲ್ಲಮ್ಮ.”

“ಬೇರೆ ಯಾರಿಗಾದ್ರೂ ಕೊಟ್ಟುಬಿಟ್ರೆ?”

“ಇಪ್ಪತ್ತು ವರ್ಷ ಆಯ್ತು ಈ ಗೇಟಲ್ಲಿ. ಒಂದೂ ಅದಲುಬದಲಾಗಿಲ್ಲ.”

ಬೇಕರಿಯವನು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ತಂಗಿ ಅವನ ಮುಖವನ್ನು ನೋಡಿದಳು. ಬಹುಶಃ ಅವನನ್ನು ಮೊದಲ ಸಲ ಸರಿಯಾಗಿ ನೋಡಿದ್ದು ಆಗಲೇ. ಬೆರಳು ಸಡಿಲಿಸಿ ತನ್ನ ಚೀಟಿಯನ್ನು ಬಿಟ್ಟುಕೊಟ್ಟಳು. ಅದು ಡಬ್ಬದೊಳಗೆ ಬಿದ್ದ ಸದ್ದು ನನಗೂ ಕೇಳಿಸಿತು. ಟೋಕನ್ ಹಿಡಿದು, ಮಂಡಿನೋವನ್ನು ಮರೆತು, ಅವಳು ಅಂಗಳದುದ್ದಕ್ಕೂ ಓಡಿದಳು. ಅರವತ್ತನಾಲ್ಕರ ನನ್ನ ತಂಗಿ ಓಡಿದ್ದನ್ನು ನಾನು ದೋಣಿಮನೆಯ ಕಾಲದ ನಂತರ ನೋಡಿರಲಿಲ್ಲ.

ಒಳಗೆ ನಡೆದದ್ದನ್ನು ಅವಳ ಬಾಯಿಂದ ಕೇಳಿದ್ದೇನೆ. ನರ್ಸು ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಔಷಧಗಳ ಹೆಸರನ್ನು ಬಾಯಲ್ಲೇ ಹೇಳಿಕೊಳ್ಳುತ್ತ ನಿಂತಿದ್ದಳಂತೆ. ತಂಗಿ ಚೀಟಿಯನ್ನು ಅವಳ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದಳು. ಮೇಜಿನ ಅಧಿಕಾರಿಣಿ ಚೀಟಿ ನೋಡಿ, ಮುಖ ನೋಡಿ, ಚೀಟಿಯನ್ನು ಕೂಡಲೇ ಮರಳಿಸಿ, “ಹೋಗಮ್ಮ,” ಎಂದರು. ಅಷ್ಟೇ.

ಆದರೆ ತಂಗಿ ಗೇಟಿಗೆ ಮರಳಿದಾಗ ಕಾವಲುಗಾರ ಇರಲಿಲ್ಲ. ಚಹಾ ಕುಡಿಯಲು ಹೋಗಿದ್ದ. ಅವನ ಜಾಗದಲ್ಲಿದ್ದ ತರುಣನಿಗೆ ಡಬ್ಬದ ಬೀಗದ ಕೀಲಿ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಬೇಕರಿಯವನು ಅಜ್ಜಿಯ ಚೀಟಿಯನ್ನು ನಮಗೊಪ್ಪಿಸಿದ. ನಾವು ಮೂವರೂ ಎದುರಿನ ಕಲ್ಲುಬೆಂಚಿನ ಮೇಲೆ ಕುಳಿತೆವು. ಅವನು ನೆಮ್ಮದಿಯಾಗಿ ಗೋಡೆಗೊರಗಿ ನಿದ್ದೆ ಹೋದ. ತಂಗಿಗೆ ನೆಮ್ಮದಿ ಇರಲಿಲ್ಲ. ಬಂದ ಕೆಲಸ ಆಗಿತ್ತು. ಪಕ್ಕದಲ್ಲೇ ಒಳ್ಳೆಯ ಉದ್ಯಾನವಿತ್ತು. ಒಂದು ಸುತ್ತು ಹಾಕೋಣವೇ ಎಂದು ಕೇಳಿದೆ.

“ನೀನು ಹೋಗಿ ಬಾ ಅಣ್ಣ.”

“ಕಾರ್ಡು ಎಲ್ಲಿ ಹೋಗುತ್ತೆ? ಡಬ್ಬಕ್ಕೆ ಬೀಗ ಇದೆ.”

“ಗೊತ್ತು. ಆದ್ರೂ ಮನಸ್ಸು ಅಲ್ಲೇ ನೇತಾಡ್ತಿದೆ.”

ಆಮೇಲೆ ಗೇಟಿನಿಂದ ಕಣ್ಣು ತೆಗೆಯದೆ ಕೇಳಿದಳು: “ಅಣ್ಣ, ನಮ್ಮನೆಗೆ ಬಂದವರೆಲ್ಲ ಎರಡು ದಿನ ಕೆರೆ ನೋಡ್ತಿದ್ರಾ, ಕೊಕ್ಕೆ ನೋಡ್ತಿದ್ರಾ?”

ನನಗೆ ವಕೀಲನ ನೆನಪಾಯಿತು. ಅವಳಿಗೂ ಆಗಿರಬೇಕು. “ಆ ವಕೀಲ ನಿಂತಿದ್ದು ಚಿತ್ರ ನೋಡೋಕಲ್ಲ,” ಎಂದಳು. “ನಾನು ಅವನಿಗೆ ಅದನ್ನ ಬರೆದವರು ಯಾರು ಅಂತ ಬೇರೆ ಹೇಳಿದ್ದೆ.” ಅವಳಿಗೆ ನಗು ಬಂತು. ನಾನೂ ನಕ್ಕೆ. ನಗುವಿನ ನಡುವೆಯೂ ಅವಳು ಗೇಟನ್ನೇ ನೋಡುತ್ತಿದ್ದಳು.

ಕಾವಲುಗಾರ ಮರಳಿದ ಮೇಲೆ ಚೀಟಿ ಸರಿಯಾಗಿಯೇ ಸಿಕ್ಕಿತು. ಅವಳು ಎರಡೂ ಬದಿ ತಿರುಗಿಸಿ ನೋಡಿದಳು. “ನಿಮ್ಮದೇ ಅಮ್ಮ,” ಎಂದ ಅವನು, ಸ್ವಲ್ಪ ನೊಂದವನಂತೆ. “ಹೌದಪ್ಪ, ನನ್ನದೇ. ನಿನ್ನ ಲೆಕ್ಕ ತಪ್ಪಿಲ್ಲ. ಆದ್ರೆ ಒಂದು ಮಾತು, ಕೊಡುವಾಗ ಮುಖಾನೂ ನೋಡು. ಅನುಭವದಿಂದ ಹೇಳ್ತಿದೀನಿ,” ಎಂದಳು ತಂಗಿ.

ಮನೆಗೆ ಬಂದಾಗ ಅಜ್ಜಿ ಜಗಲಿಯಲ್ಲೇ ಇದ್ದರು. ತಮ್ಮ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ನಿಟ್ಟುಸಿರು ಬಿಟ್ಟರು. “ಮುಗೀತು. ಮತ್ತೆ ಎಪ್ಪತ್ತೆಂಟು.”

ಮರುದಿನ ಬೆಳಿಗ್ಗೆ ಸೊಸೆ ಮಾತು ಉಳಿಸಿಕೊಂಡಳು. ಆದರೆ ಹೇಳಿದ್ದು ನಾವು ಎಣಿಸಿದ್ದನ್ನಲ್ಲ. “ಅತ್ತೆ, ರಾತ್ರಿ ಯೋಚಿಸಿದೆ. ಫೋಟೋ ಇದ್ದಿದ್ರೂ ಪರೀಕ್ಷೆಗೆ ನಡೀತಿರಲಿಲ್ಲ. ಅದು ಬೇರೆ ಮಾತು. ಆದ್ರೆ ಫೋಟೋ ತೆಗೆದು ಕಾರ್ಡು ಆಗಲೇ ವಾಪಸ್ ಕೊಟ್ಟಿದ್ರೆ ಅದು ಅವಳ ಚೀಲದಲ್ಲೇ ಇರ್ತಿತ್ತು.”

“ನೀನು ಹೇಳಿದ್ರಲ್ಲಿ ಅರ್ಧ ಸರಿ,” ಎಂದಳು ತಂಗಿ. “ಆಗಲೇ ವಾಪಸ್ ಕೊಡೋದು ಸರಿ. ಆ ಅರ್ಧ ತಗೋತೀನಿ. ಫೋಟೋ ಬೇಡ. ಅದು ಬೀಗ ಇಲ್ಲದ ಡಬ್ಬ.”

“ಕೀಲಿ ತಗೊಂಡು ಹೋಗಿಬಿಟ್ರೆ?”

“ಹೋಗಲಿ. ಕೀಲಿ ಹೊಸದು ಮಾಡಿಸಬಹುದು.”

ಅಂದೇ ಅವಳು ನೀಲಿ ಚೀಲಗಳನ್ನು ಬಿಚ್ಚಿ, ಅವುಗಳಿಂದ ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಹೊಲಿದಳು. ಕೊಕ್ಕೆಗಳನ್ನು ಕೀಳಲಿಲ್ಲ. ಅಷ್ಟು ಗಟ್ಟಿಯಾದ ಹಿತ್ತಾಳೆ ಈಗ ಸಿಗುವುದಿಲ್ಲ ಎಂಬುದು ಅವಳ ವಾದ. ನರ್ಸಿನ ಫಲಿತಾಂಶ 2023ರ ಜನವರಿ 20ರಂದು ಬಂತು. ಆಕೆ ಈಗ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದಾಳೆ.

ಹೊಸ ಪದ್ಧತಿ ಆರಂಭವಾದ ದಿನ ನಾನು ಪಡಸಾಲೆಯಲ್ಲಿದ್ದೆ: 2022ರ ಅಕ್ಟೋಬರ್ 21, ಶುಕ್ರವಾರ. ಹೆಂಡತಿ ಮಕ್ಕಳೊಂದಿಗೆ ಬಂದಿದ್ದ ಬಸ್ ಚಾಲಕನೊಬ್ಬ, ಎಲ್ಲ ಕಡೆ ಮಾಡುವಂತೆ, ಕೇಳುವ ಮೊದಲೇ ತನ್ನ ಚೀಟಿಯನ್ನು ಮೇಜಿನ ಮೇಲಿಟ್ಟು, ಫೋಟೋ ತೆಗೆದುಕೊಳ್ಳಲಿ ಎಂದು ಹಿಂದಕ್ಕೆ ಸರಿದು ನಿಂತ. ತಂಗಿ ಅದನ್ನು ಮುಟ್ಟಲಿಲ್ಲ.

“ಕೈಲಿ ಹಿಡ್ಕೊಳ್ಳಿ. ಸ್ವಲ್ಪ ಬೆಳಕಿಗೆ ಬನ್ನಿ.”

ಅವನು ಬಾಗಿಲ ಬಳಿ ಬಂದು ಚೀಟಿಯನ್ನು ಗಲ್ಲದ ಪಕ್ಕ ಹಿಡಿದು ನಿಂತ. ತಂಗಿ ಚೀಟಿ ನೋಡಿದಳು. ಆಮೇಲೆ ಮುಖ ನೋಡಿದಳು, ಅವಸರವಿಲ್ಲದೆ, ಹುಬ್ಬಿನ ಮೇಲಿನ ಗಾಯದ ಗುರುತಿನವರೆಗೆ. ಅವನ ಮಕ್ಕಳು ಕಿಸಕ್ಕನೆ ನಕ್ಕವು.

“ಸರಿ. ಜೇಬಲ್ಲಿಟ್ಕೊಳ್ಳಿ,” ಎಂದು ಕೊಕ್ಕೆಯಿಂದ ಕೀಲಿ ತೆಗೆದು ಕೊಟ್ಟಳು.

ಅವನು ಚೀಟಿಯನ್ನೂ ಕೀಲಿಯನ್ನೂ ಒಂದೇ ಕೈಯಲ್ಲಿ ಹಿಡಿದು ಅನುಮಾನದಿಂದ ನಿಂತ. “ಏನೂ ಇಟ್ಕೊಳ್ಳಲ್ವಾ ಅಮ್ಮ? ಅಷ್ಟೊಂದು ನಂಬಿಕೆನಾ?”

“ನಂಬಿಕೆ ಅಲ್ಲಪ್ಪ,” ಎಂದಳು ತಂಗಿ. “ನೋಡಿಯಾಯ್ತು.”